ಹೆಗಲ ಮೇಲಿನ ಸತ್ತ ಕ್ಯಾಮೆರಾ

ನಿಮ್ಮ ಮದುವೆಯ ವಿಡಿಯೋ ತೆಗೆದದ್ದು ನಾನಲ್ಲ.

ಹೊಸ ಶತಮಾನ ಶುರುವಾದ ಆ ವರ್ಷಗಳಲ್ಲಿ ಹೊಳೆನರಸೀಪುರದ ಸುತ್ತಮುತ್ತ, ಈ ಕಡೆ ಚನ್ನರಾಯಪಟ್ಟಣ, ಆ ಕಡೆ ಅರಕಲಗೂಡಿನವರೆಗೆ ಮದುವೆಯಾದವರಿಗೆಲ್ಲ ಹೇಳುತ್ತಿದ್ದೇನೆ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು, ಕಣ್ಣು ಕುಕ್ಕುವ ಲೈಟು ಬಿಟ್ಟು, ‘ಸ್ವಲ್ಪ ಈ ಕಡೆ ನೋಡಿ, ನಗಿ’ ಎಂದು ಧಾರೆಯ ಹೊತ್ತಿನಲ್ಲಿ ಪುರೋಹಿತರಿಗೇ ಅಡ್ಡ ನಿಲ್ಲುತ್ತಿದ್ದ ವಿಡಿಯೋ ಶಾಮಣ್ಣ ನೆನಪಿದ್ದಾನೆಯೇ? ಅವನೇ ನಾನು. ಆ ಕ್ಯಾಮೆರಾ ಸತ್ತಿತ್ತು. ಅದರೊಳಗೆ ಕ್ಯಾಸೆಟ್ಟೇ ಇರುತ್ತಿರಲಿಲ್ಲ. ನೀವು ಬೆವರು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ನಿಂತದ್ದೆಲ್ಲ ಒಂದು ಖಾಲಿ ಡಬ್ಬದ ಮುಂದೆ. ಕ್ಷಮಿಸಿ — ಅಲ್ಲ, ಕ್ಷಮೆ ಕೇಳಬೇಕಾದ ವಿಷಯ ಇದಲ್ಲ. ಇದಕ್ಕೆ ನೀವು ನಕ್ಕುಬಿಡಬಹುದು. ಇನ್ನೊಂದಿದೆ, ಅದಕ್ಕೆ ಬರುತ್ತೇನೆ.

ಆ ದೊಡ್ಡ ಕ್ಯಾಮೆರಾವನ್ನು ತೊಂಬತ್ತರ ದಶಕದಲ್ಲಿ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಮನೆಯಲ್ಲಿ ಟೀವಿಗೆ ಹಾಕಿ ನೋಡುವ ಕ್ಯಾಸೆಟ್ಟನ್ನೇ ಇಡಿಯಾಗಿ ನುಂಗುವ ಗಾತ್ರ ಅದರದ್ದು. ಅದನ್ನು ಹೊತ್ತು ಛತ್ರಕ್ಕೆ ಕಾಲಿಟ್ಟರೆ ಬೀಗರನ್ನು ಬಿಟ್ಟು ನನಗೆ ದಾರಿ ಬಿಡುತ್ತಿದ್ದರು. ನನಗೂ ಆ ಗತ್ತು ಹತ್ತಿತ್ತು, ಸುಳ್ಳೇಕೆ ಹೇಳಲಿ. ಒಂದು ದಿನ ಕ್ಯಾಸೆಟ್ಟಿಗೆ ಚಿತ್ರ ಬರೆಯುವ ಒಳಗಿನ ಹೆಡ್ಡು ಕೈಕೊಟ್ಟಿತು. ಚಿತ್ರದ ಬದಲು ಬರೀ ಚುಕ್ಕಿ. ಹಾಸನದ ರಿಪೇರಿಯವನು ಬಿಚ್ಚಿ ನೋಡಿ, ತಲೆಯಾಡಿಸಿ, ‘ಮುಗೀತು ಸಾ. ಅರಿಸ್ನ ಕುಂಕ್ಮ ಇಟ್ಟು ಸೆಲ್ಫ್ ಮ್ಯಾಲೆ ಕೂರಿಸ್ಬುಡಿ’ ಎಂದ. ಮುಂದಿನ ಕೆಂಪು ದೀಪವೊಂದು ಮಾತ್ರ ಹತ್ತುತ್ತಿತ್ತು.

ಅಷ್ಟರಲ್ಲಿ ಅಂಗೈಯಗಲದ ಕ್ಯಾಮೆರಾಗಳು ಬಂದಿದ್ದವು. ಒಂದನ್ನು ಕೊಂಡೆ. ಚಿತ್ರ ಎಷ್ಟು ನಿಚ್ಚಳ ಅಂದರೆ ದೊಡ್ಡದನ್ನು ಇಷ್ಟು ವರ್ಷ ಹೊತ್ತ ಹೆಗಲಿಗೆ ಬೇಜಾರಾಗಬೇಕು. ಅದನ್ನು ಹಿಡಿದು ಹಳೇಕೋಟೆಯ ಒಂದು ಮನೆಗೆ ಚಪ್ಪರದ ದಿನ ಹೋದೆ. ಹೆಣ್ಣಿನ ತಂದೆ, ಊರಿಗೇ ದೊಡ್ಡ ಕುಳ, ನನ್ನ ಕೈ ನೋಡಿದರು, ಹೆಗಲು ನೋಡಿದರು, ಮತ್ತೆ ಕೈ ನೋಡಿದರು.

‘ಏನ್ ಸಾಮಿ, ಗಡ್ಡ ಎರೆಯೋ ಮಿಷನ್ ತಂದಿದ್ದೀರಲ್ಲ? ಇಷ್ಟ್ ದೊಡ್ ಮದ್ವೆ ಅದ್ರೊಳ್ಗೆ ಇಡಿತದಾ? ಓಗಿ ಓಗಿ, ಆ ದೊಡ್ದು ಎತ್ಕಂಡ್ ಬನ್ನಿ.’

ವಾದಿಸಿದೆ. ಸಣ್ಣದರಲ್ಲೇ ಚೆನ್ನಾಗಿ ಬರುತ್ತದೆ ಎಂದೆ. ಅವರು ನಕ್ಕು, ‘ನೀವ್ ಏಳಿದ್ನ ನಾನ್ ನಂಬ್ತೀನಿ ಕಣ ಸಾಮಿ. ಆದ್ರೆ ಬೀಗ್ರು ನಂಬ್ಬೇಕಲ್ಲ?’ ಎಂದರು. ಸಣ್ಣದನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಮನೆಗೆ ಬಂದು ಹೆಂಡತಿ ಲಲಿತಳ ಮುಂದೆ ಗೋಳು ಹೇಳಿಕೊಂಡೆ. ಉಪಾಯ ಹೊಳೆದದ್ದು ಅವಳಿಗೇ — ಅದನ್ನೂ ಇಷ್ಟು ವರ್ಷ ನನ್ನದೆಂದೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ನೋಡಿ. ‘ದೊಡ್ಡದನ್ನ ನೀವು ಹೊತ್ಕೊಳಿ, ಚಿಕ್ಕದನ್ನ ನಾನು ಹಿಡ್ಕೊಂಡು ಹೆಂಗಸರ ಮಧ್ಯೆ ಕೂತಿರ್ತೀನಿ’ ಎಂದಳು. ಮಾರನೆಯ ದಿನ ಹಾಗೇ ಮಾಡಿದೆವು. ನಾನು ಕೆಂಪು ದೀಪ ಹೊತ್ತಿಸಿಕೊಂಡು ಮಂಟಪದ ಸುತ್ತ ಯುದ್ಧಕ್ಕೆ ಹೊರಟವನ ಹಾಗೆ ಓಡಾಡಿದೆ. ಅವಳು ಪುಟ್ಟ ಕ್ಯಾಮೆರಾವನ್ನು ಮಡಿಲಲ್ಲೋ ಮಂಡಿಯ ಮೇಲೋ ಇಟ್ಟುಕೊಂಡು ಯಾರ ಪಕ್ಕದಲ್ಲಾದರೂ ಕೂತಿದ್ದಳು. ಹೆಂಡತಿ ಏನೋ ಬ್ಯಾಟರಿ ಹಿಡಿದುಕೊಂಡಿದ್ದಾಳೆ ಅಂದುಕೊಂಡರು ಎಲ್ಲರೂ.

ಕ್ಯಾಸೆಟ್ಟು ಹಾಕಿ ನೋಡಿದಾಗ ನಾನೇ ಬೆಪ್ಪಾದೆ. ನನ್ನ ಹಳೆಯ ಮದುವೆಗಳಲ್ಲಿ ಜನ ಕಂಬದ ಹಾಗೆ ನಿಂತಿರುತ್ತಿದ್ದರು. ಇದರಲ್ಲಿ — ಆ ದೊಡ್ಡ ಕುಳ ಮಗಳ ಜಡೆಯ ಹೂವು ಜಾರಿದ್ದನ್ನು ಯಾರೂ ನೋಡದ ಹಾಗೆ ಸಿಕ್ಕಿಸುತ್ತಿದ್ದರು. ಅಡುಗೆಯವರು ಪಾಯಸ ರುಚಿ ನೋಡಿ ಕಣ್ಣು ಮುಚ್ಚಿದ್ದರು. ಎಲ್ಲರ ಮುಖವೂ ನನ್ನ ಸತ್ತ ಕ್ಯಾಮೆರಾ ಕಡೆ ತಿರುಗಿದ್ದಾಗ ಲಲಿತ ಅವರ ಕೈಗಳನ್ನು ನೋಡುತ್ತಿದ್ದಳು. ಕೈ ಅಂದರೆ ಅವಳಿಗೆ ಪ್ರಾಣ. ಅವಳ ತವರು ರುದ್ರಪಟ್ಟಣ. ಮದುವೆಗೆ ಮುಂಚೆ ಅಲ್ಲಿ ಸೀತಮ್ಮ ಎಂಬವರ ಹತ್ತಿರ ವೀಣೆ ಕಲಿತವಳು. ಬೆರಳು ನೋಡು, ಬೆರಳು ನೋಡು ಎಂದು ಗದರಿಸಿಕೊಂಡೇ ಬೆಳೆದವಳು.

ಆಮೇಲೆ ನಾವು ಗಂಡ ಹೆಂಡತಿ ಈ ನಾಟಕವನ್ನು ಊರೂರಿಗೂ ಒಯ್ದೆವು. ಎಷ್ಟು ನಗುತ್ತಿದ್ದೆವು! ಚನ್ನರಾಯಪಟ್ಟಣದ ಛತ್ರವೊಂದರಲ್ಲಿ ಮದುಮಗನ ಸೋದರಮಾವ ನನ್ನ ಕ್ಯಾಮೆರಾದ ಮುಂದೆ ಭಾಷಣವನ್ನೇ ಬಿಗಿದರು. ಆ ಪೂರ್ತಿ ಭಾಷಣ ಗಾಳಿಗೆ ಹೋಯಿತು. ಅವರ ಬೆನ್ನ ಹಿಂದೆ ಅವರ ಹೆಂಡತಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕದ್ದು ಕ್ಯಾಸೆಟ್ಟಿನಲ್ಲಿ ಬಂತು. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ನಾವೂ ಹಾಗೇ ನಕ್ಕೆವು. ಇಲ್ಲಿಯವರೆಗಿನದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಆದರೆ ಹೆಸರು ಬಂತು ನೋಡಿ, ಅಲ್ಲಿ ಕೆಟ್ಟಿತು. ‘ಶಾಮಣ್ಣನ ಕಣ್ಣೇ ಕಣ್ಣು’ ಎಂದರು. ಮೊದಮೊದಲು ಸಂಕೋಚವಾಗುತ್ತಿತ್ತು, ಆಮೇಲೆ ನಾನೂ ಹೌದೆನ್ನತೊಡಗಿದೆ.

ಅಂಗಡಿಯಲ್ಲಿ ಕೂತು ಪಾಠ ಬೇರೆ ಹೇಳುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಕದಲಿಸಬಾರದು, ಮಕ್ಕಳೇ ಬೇಕಾದಷ್ಟು ಕದಲುತ್ತಾರೆ. ಕೊರವಂಗಲದ ಗುಡಿಯ ಕೆತ್ತನೆ ತೆಗೆಯಬೇಕೆಂದು ಮೇಷ್ಟರೊಬ್ಬರು ಬಂದಾಗ, ನಡುಮಧ್ಯಾಹ್ನ ಬೇಡ, ಓರೆ ಬಿಸಿಲಿಗೆ ಹೋಗಿ, ಗರ್ಭಗುಡಿಯೊಳಗೆ ಮಬ್ಬಿನಲ್ಲೂ ಕಾಣುವ ಕ್ಯಾಮೆರಾ ಬೇಕು ಎಂದು ಅಪ್ಪಣೆ ಕೊಡಿಸಿದ್ದೆ. ಸೀಮಂತ, ನಾಮಕರಣದಂಥ ಇಕ್ಕಟ್ಟಿನ ಕೋಣೆಗೆ ಸಣ್ಣದು. ಬಯಲಿನ ಸಭೆಗೆ ಜೂಮ್ ಇರುವುದು. ಯಾವುದಕ್ಕೆ ಯಾವ ಕ್ಯಾಮೆರಾ ಎಂಬುದು ನನಗೆ ಬಾಯಿಪಾಠ. ಅದು ಯಾರ ಕೈಯಲ್ಲಿರಬೇಕು ಎಂಬುದೊಂದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಅರಕಲಗೂಡಿನಲ್ಲಿ ಒಂದು ಮದುವೆಯಾಯಿತು. ಆ ಕ್ಯಾಸೆಟ್ಟು ರುದ್ರಪಟ್ಟಣದ ನೆಂಟರ ಮನೆಗಳಿಗೂ ಹೋಗಿತ್ತು. ಕೆಲವು ವಾರದ ನಂತರ ಒಬ್ಬರು ಅಂಗಡಿಗೆ ಬಂದರು — ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಶ್ರೀಕಂಠ, ಸೀತಮ್ಮನವರ ಮಗ. ಅಮ್ಮನಿಗೆ ವಯಸ್ಸಾಗಿದೆ, ಬೆರಳು ನಡುಗುವ ಮೊದಲು ಮನೆಯವರ ಮುಂದೆ ಒಂದು ಸಲ ಪೂರ್ತಿ ಕಚೇರಿ ನುಡಿಸುತ್ತಾರಂತೆ, ಅದನ್ನು ವಿಡಿಯೋ ಮಾಡಿ ಇಟ್ಟುಕೊಳ್ಳಬೇಕು ಎಂದರು.

‘ಅಮ್ಮ ಒಂದೇ ಮಾತು ಹೇಳಿ ಕಳಿಸಿದ್ದಾರೆ. ಆ ಅರಕಲಗೂಡಿನ ಮದುವೆ ತೆಗೆದವರೇ ಬರಬೇಕಂತೆ. ಅದನ್ನ ತೆಗೆದಿದ್ದು ಯಾರು?’

ಲಲಿತ ನನ್ನ ಬೆನ್ನ ಹಿಂದೆಯೇ ಇದ್ದಳು. ಕೈಯಲ್ಲಿ ಅವರಿಗೆಂದು ತಂದ ಕಾಫಿ.

‘ನಾನೇ’ ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು — ಆದರೆ ಹೇಳಿದ ಮೇಲೆ ತಿದ್ದಲು ಹೊತ್ತಿತ್ತಲ್ಲ. ಶ್ರೀಕಂಠ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಲಲಿತ ಕಾಫಿ ಕೊಟ್ಟು, ‘ಸೀತತ್ತೆ ಆರೋಗ್ಯವಾಗಿದಾರಾ?’ ಎಂದು ಕೇಳಿ ಒಳಗೆ ಹೋದಳು.

ಹೊರಡುವ ದಿನ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ‘ನಾನೂ ಬರ್ಲಾ ರೀ?’ ಎಂದಳು. ತನ್ನ ಊರು, ತನ್ನ ಗುರು, ಕೇಳಬೇಕಾದ್ದೇ ಇರಲಿಲ್ಲ. ಆದರೂ ಕೇಳಿದಳು. ಅವಳು ಬಂದು ಕ್ಯಾಮೆರಾ ಹಿಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ನಾನೇನು ಹೇಳಿದೆ ಗೊತ್ತೇ? ಇಂದಿಗೂ ನಾಚಿಕೆಯಾಗುತ್ತದೆ. ‘ಇಷ್ಟು ಚಿಕ್ಕ ಕ್ಯಾಮೆರಾಗೆ ಇಬ್ಬರು ಯಾಕೆ?’ ಎಂದೆ.

ಅವಳು ಕ್ಯಾಮೆರಾ ಚೀಲ ನನ್ನ ಕೈಗೆ ಕೊಟ್ಟಳು. ಬ್ಯಾಟರಿ ಚಾರ್ಜಾಗಿದೆ ಎಂದು ಮಾತ್ರ ಹೇಳಿದಳು.

ರುದ್ರಪಟ್ಟಣದಲ್ಲಿ ಸೀತಮ್ಮನವರು ಬಾಗಿಲಿಗೇ ಬಂದರು. ನನ್ನನ್ನು ನೋಡಿ, ನನ್ನ ಹಿಂದೆ ರಸ್ತೆಯನ್ನೂ ನೋಡಿ, ‘ಒಬ್ಬರೇ ಬಂದ್ರಾ? ಲಲಿತ ಬರ್ಲಿಲ್ವೇ?’ ಎಂದರು. ಮನೆಯಲ್ಲಿ ಕೆಲಸ ಎಂದೆ. ಅವರು ಒಳಗೆ ಹೋಗಿ ವೀಣೆಯ ಮುಂದೆ ಕೂತರು.

ನಾನು ಸಂಗೀತದಲ್ಲಿ ಶುದ್ಧ ಔರಂಗಜೇಬ. ಎಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ನನಗೆ ಗೊತ್ತಿದ್ದ ಮದುವೆಯನ್ನೇ ಅಲ್ಲೂ ತೆಗೆದೆ. ಬಂದವರು ಚಪ್ಪಲಿ ಬಿಡುವುದು, ಕೂತವರ ಸಾಲು, ಗೋಡೆಯ ಮೇಲಿನ ದೇವರ ಪಟ, ಜೂಮ್ ಒಳಗೆ, ಜೂಮ್ ಹೊರಗೆ. ಸೀತಮ್ಮನವರ ಮುಖವನ್ನೂ ತೆಗೆದೆ, ಕುಂಕುಮ ಲಕ್ಷಣವಾಗಿ ಬಂದಿತ್ತು. ಎಲ್ಲರೂ ಭಲೇ ಎಂದು ತೊಡೆ ತಟ್ಟಿದಾಗ ಆ ಬೆರಳುಗಳು ಏನು ಮಾಡಿದವೋ! ನಾನು ಆಗ ತೊಡೆ ತಟ್ಟಿದವರನ್ನು ತೆಗೆಯುತ್ತಿದ್ದೆ.

ಕ್ಯಾಸೆಟ್ಟು ಕೊಟ್ಟು, ಅವರ ಮನೆಯಲ್ಲೇ ಕೂತು ನೋಡಿದೆವು. ಮುಗಿದ ಮೇಲೆ ಸೀತಮ್ಮನವರು ಮೆತ್ತಗೆ ಕೇಳಿದರು: ‘ಎಲ್ಲಾ ಇದೆಯಪ್ಪ. ವೀಣೆ ಎಲ್ಲಿ?’

ಆಗಲಾದರೂ ನಿಜ ಹೇಳಬಹುದಿತ್ತು. ‘ಇದು ಚಿಕ್ಕ ಕ್ಯಾಮೆರಾ ಅಮ್ಮ, ಇದರಲ್ಲಿ ಇಷ್ಟೇ ಬರೋದು’ ಎಂದೆ. ಊರೆಲ್ಲ ತಿರುಗಿ ಯಾವ ಕ್ಯಾಮೆರಾವನ್ನು ಹೊಗಳಿದ್ದೆನೋ, ನನ್ನ ತಪ್ಪನ್ನು ಅದರ ತಲೆಗೇ ಕಟ್ಟಿದೆ. ಅವರು ಹೌದೇನೋ ಎಂಬಂತೆ ತಲೆಯಾಡಿಸಿ ನನಗೆ ಕೋಡುಬಳೆ ಕೊಟ್ಟರು. ತಿಂದೆ ಕೂಡ! ಒಂದೆರಡು ವರ್ಷದಲ್ಲಿ ಅವರು ತೀರಿಕೊಂಡರು. ಮತ್ತೊಂದು ಕಚೇರಿ ನುಡಿಸಲಿಲ್ಲ. ಆ ಬೆರಳು ಎಲ್ಲಿಯೂ ಉಳಿದಿಲ್ಲ.

ಈಗ ಈ ಮಾತೆಲ್ಲ ಯಾಕೆ ಬಂತೆಂದರೆ, ಹಳೆಯ ಕ್ಯಾಸೆಟ್ಟುಗಳನ್ನು ಸೀಡಿಗೆ ಹಾಕಿಸಿಕೊಳ್ಳುವ ಗಿರಾಕಿಗಳು ಬರತೊಡಗಿದ್ದಾರೆ. ಅರಕಲಗೂಡಿನ ಮದುವೆಯೂ ಬಂತು. ಆಗೆಲ್ಲ ಮದುವೆಯ ಮೂಲ ಶಬ್ದ ಅಳಿಸಿ ಸಿನಿಮಾ ಹಾಡು ತುಂಬುತ್ತಿದ್ದೆವು. ಆದರೆ ಇದರಲ್ಲಿ ಹೆಂಗಸರು ಮಲ್ಲಿಗೆ ಕಟ್ಟುವ ಕಡೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ಹೊತ್ತು ಮೂಲ ಶಬ್ದವೇ ಉಳಿದುಬಿಟ್ಟಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಬೆರಳುಗಳು ಹೂವು ಕಟ್ಟುತ್ತಿವೆ. ಅವುಗಳ ಜೊತೆಗೆ, ತೀರ ಹತ್ತಿರದಲ್ಲಿ, ಯಾರೋ ಗುನುಗುತ್ತಿದ್ದಾರೆ.

ಸಣ್ಣ ಕ್ಯಾಮೆರಾದ ಗುಣವೇ ಹಾಗೆ. ಮೈಕು ಅದರ ಮೈಯಲ್ಲೇ ಇರುತ್ತದೆ, ಹಾಗಾಗಿ ಮಂಟಪದ ಓಲಗಕ್ಕಿಂತ ಮೊದಲು ಅದಕ್ಕೆ ಕೇಳಿಸುವುದು ಹಿಡಿದವರ ಉಸಿರು. ಇದನ್ನೂ ನಾನು ಎಷ್ಟೋ ಜನಕ್ಕೆ ಪಾಠ ಮಾಡಿದ್ದೆ. ಗುನುಗುತ್ತಿದ್ದವಳು ಲಲಿತ. ಸಂಗೀತ ಬಾರದ ನನಗೇ ಆ ದನಿ ತಿಳಿಯಿತು ಅಂದ ಮೇಲೆ — ಕಲಿಸಿದವರಿಗೆ?

ಆ ದಿನ ಬಾಗಿಲಲ್ಲಿ ನಿಂತು ಸೀತಮ್ಮನವರು ರಸ್ತೆ ನೋಡಿದ್ದು ನೆನಪಾಯಿತು. ಹೆಡ್‌ಫೋನ್ ಕಳಚಿಟ್ಟೆ. ಎದ್ದು ಅಡುಗೆಮನೆಗೆ ಹೋಗಿ, ಆ ಮದುವೆ ತೆಗೆದದ್ದು ನೀನೆಂದು ಸೀತಮ್ಮನವರಿಗೆ ಗೊತ್ತಿತ್ತೇ ಎಂದು ಕೇಳಿದೆ. ಲಲಿತ ಒಗ್ಗರಣೆಯಿಂದ ತಲೆಯೆತ್ತದೆ ಹೇಳಿದಳು:

‘ಗೊತ್ತಿತ್ತು. ಆಮೇಲೆ ಊರಿಗೆ ಹೋದಾಗ ಸೀತತ್ತೆನೇ ಹೇಳಿದ್ರು. “ಕ್ಯಾಸೆಟ್ಟಲ್ಲಿ ನಿನ್ನ ದನಿ ಕೇಳ್ದೆ ಕಣೆ, ಅದಕ್ಕೇ ಕರೆಸಿದೆ. ಗಂಡನ ಅಂಗಡಿ, ನಿನ್ನ ಹೆಸರು ಹಿಡಿದು ಕರೆದ್ರೆ ಚೆನ್ನಾಗಿರಲ್ಲ, ತೆಗೆದವರು ಅಂದ್ರೆ ನೀನೇ ಬರ್ತೀಯ ಅಂದ್ಕೊಂಡೆ” ಅಂದ್ರು.’

‘ನನಗ್ಯಾಕೆ ಹೇಳ್ಲಿಲ್ಲ?’

‘ನೀವು ಹೇಳ್ತೀರೇನೋ ಅಂತ ನೋಡ್ತಿದ್ದೆ.’

ಇಷ್ಟು ವರ್ಷ ನೋಡುತ್ತಿದ್ದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಸಾರಿನ ಸೌಟು ಹಿಡಿದೇ ನಕ್ಕಳು. ‘ಅಯ್ಯೋ, ಕ್ಯಾಮೆರಾ ಎಲ್ಲಿಟ್ರಿ? ಇದನ್ನ ತೆಗೀಬೇಕಿತ್ತು’ ಎಂದಳು. ನನಗೂ ನಗು ಬಂತು.

ಹಾಗಾಗಿ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ. ಮೂಲ ಕ್ಯಾಸೆಟ್ಟುಗಳು ಇನ್ನೂ ನನ್ನ ಬೀರುವಿನಲ್ಲಿವೆ. ಸಿನಿಮಾ ಹಾಡು ಕಿತ್ತು ಹಾಕಿ, ಅವಳ ಗುನುಗು ಸಮೇತ ಹೊಸದಾಗಿ ಮಾಡುತ್ತಿದ್ದೇನೆ. ಬಂದು ತೆಗೆದುಕೊಂಡು ಹೋಗಿ. ಮೊದಲು ಹೃದಯದ ಚಿತ್ರದೊಳಗೆ ವಧೂವರರ ಹೆಸರು ಬರುತ್ತದಲ್ಲ, ಅದರ ಕೆಳಗೆ ‘ಚಿತ್ರೀಕರಣ: ಲಲಿತ’ ಎಂದು ಬರುತ್ತದೆ. ಅವಳಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಹೆಸರು ಇನ್ನೂ ದೊಡ್ಡದಾಗಿ ಹಾಕಿ ರೀ. ಚಿಕ್ಕದಾಗಿದ್ರೆ ಹಳೇಕೋಟೆಯವರು ನಂಬಲ್ಲ’ ಎಂದಳು. ಹಾಕಿದ್ದೇನೆ.

ಸೀತಮ್ಮನವರ ಕಚೇರಿಯ ಕ್ಯಾಸೆಟ್ಟನ್ನು ಮಾತ್ರ ಮುಟ್ಟಿಲ್ಲ. ಶ್ರೀಕಂಠರಿಗೆ ಎಲ್ಲ ವಿಷಯ ಬರೆದು, ಆ ಕ್ಯಾಸೆಟ್ಟನ್ನು ಇದ್ದ ಹಾಗೇ ಸೀಡಿ ಮಾಡಿ ಕಳಿಸಿದ್ದೇನೆ. ಅದರಲ್ಲಿ ಚಪ್ಪಲಿಗಳಿವೆ, ದೇವರ ಪಟವಿದೆ, ತೊಡೆ ತಟ್ಟುವವರಿದ್ದಾರೆ, ವೀಣೆಯಿಲ್ಲ. ಅದರ ಮೇಲೆ ನನ್ನ ಹೆಸರೇ ಇದೆ, ಇರಲಿ. ಅದನ್ನು ತೆಗೆದದ್ದು ನಾನೇ.