ಎರಡೂ ಕಡೆಯ ಡಾಕ್ಟರಮ್ಮ

ಡಾಕ್ಟರ್ ಕಹಕಶಾ ಸಿಂಧನೂರಿನಲ್ಲಿ ದವಾಖಾನೆ ನಡೆಸುತ್ತಿದ್ದಾಗ ಬಡಿದಾಡಿಕೊಂಡು ಬಂದವರನ್ನು ಒಳಗೇ ಕರೆಯುತ್ತಿರಲಿಲ್ಲ. ರಸ್ತೆ ದಾಟಿದರೆ ದೊಡ್ಡಾಸ್ಪತ್ರೆ, ಅಲ್ಲಿ ಸರ್ಜನ್, ಬಾಗಿಲಲ್ಲಿ ಪೊಲೀಸ್. ಅತ್ತ ಕಳಿಸಿ ಮುಂದಿನ ಜ್ವರದವರನ್ನು ನೋಡುತ್ತಿದ್ದರು. ರೋಗಿ ಯಾರ ಮಗ, ಯಾರ ವೈರಿ ಎಂದು ತಿಳಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಗಂಡನ ಊರು ತುರ್ವಿಹಾಳಕ್ಕೆ ಬಂದು ಮನೆಯಲ್ಲೇ ದವಾಖಾನೆ ತೆರೆದ ಮೇಲೆ ಎಲ್ಲವೂ ತಿಳಿಯತೊಡಗಿತು: ಯಾವ ಸೊಸೆಗೆ ಬಸಿರು ನಿಲ್ಲುತ್ತಿಲ್ಲ, ಯಾರ ಹೊಲದ ಬದುವಿನ ಮೇಲೆ ಯಾರ ಕಣ್ಣು.

ಒಂದು ಮಧ್ಯಾಹ್ನ ಭೀಮೇಶನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಕಾಲುವೆಯ ತೂಬಿನ ಹತ್ತಿರ ನೀರಿಗಾಗಿ ಜಗಳವಾಗಿ, ಪಕ್ಕದ ಗದ್ದೆಯ ಮಾನಪ್ಪ ಕುಡಗೋಲಿನಿಂದ ಅವನ ತೊಡೆ ಸೀಳಿದ್ದ. ರಕ್ತ ಚಿಮ್ಮುತ್ತಿತ್ತು. ಕಹಕಶಾ ಬಟ್ಟೆ ತುರುಕಿ, ಕರೆತಂದವರಿಗೆ ಒತ್ತಿ ಹಿಡಿಯಲು ಹೇಳಿ, ಸಿಂಧನೂರಿನ ಆ್ಯಂಬುಲೆನ್ಸಿಗೆ ಫೋನು ಮಾಡಿದರು. ಅಷ್ಟರಲ್ಲಿ ಜೋಗಮ್ಮ ತನ್ನ ಗಂಡ ಮಾನಪ್ಪನನ್ನೂ ಎಳೆದುಕೊಂಡು ಬಂದಳು. ಭೀಮೇಶನ ಕಡೆಯವರು ಸಲಿಕೆಯಿಂದ ಅವನ ತಲೆ ಒಡೆದಿದ್ದರು. ಒಂದು ಕಣ್ಣು ಜಜ್ಜಿಹೋಗಿತ್ತು.

ಅವರ ಬೆನ್ನಿಗೇ ಭೀಮೇಶನ ಅಣ್ಣ ಗಂಗಾಧರ ಕೊಡಲಿ ಹಿಡಿದು ಬಂದ.

"ಅವನ್ನ ಮುಟ್ಟಬ್ಯಾಡ್ರಿ ಡಾಕ್ಟರಮ್ಮ. ಹೊರಗ ಬಿದ್ದು ಸಾಯ್ಲಿ."

"ನನ್ನ ಮನ್ಯಾಗ ಯಾರೂ ಸಾಯಂಗಿಲ್ಲ. ಆಕಡಿ ಸರಿ, ಗಂಗಾಧರ."

ಅವನು ಕೊಡಲಿಯ ಕಾವನ್ನು ಮಾನಪ್ಪನ ಮೇಲೆ ಬೀಸಿದ. ಅಡ್ಡ ಬಂದ ಕಹಕಶಾರ ಬಲ ಮಣಿಕಟ್ಟು ಲಟಕ್ಕನೆ ಮುರಿಯಿತು. ಭೀಮೇಶನ ಗಾಯ ಒತ್ತಿ ಹಿಡಿದಿದ್ದವರು ಹೆದರಿ ಹೊರಗೋಡಿದರು. ರಕ್ತ ಮತ್ತೆ ನೆಲಕ್ಕೆ ಹರಿಯಿತು.

"ನನ್ನ ಕೈ ಮುರೀತು," ಎಂದರು ಕಹಕಶಾ, ಹಲ್ಲು ಕಚ್ಚಿ. "ಈಗ ನಿನ್ನ ಕೈ ಅಲ್ಲಿಡು. ತೆಗದ್ರ ನಿನ್ನ ತಮ್ಮ ಹೋಗ್ತಾನ."

ಗಂಗಾಧರ ಕೊಡಲಿ ಬಿಸಾಕಿ, ಮೊಣಕಾಲೂರಿ ಕೂತು, ಎರಡೂ ಅಂಗೈಯಿಂದ ಒತ್ತಿದ. ಆ್ಯಂಬುಲೆನ್ಸ್ ಬರುವವರೆಗೂ ಮೇಲೇಳಲಾಗಲಿಲ್ಲ. ಅವನ ಕಣ್ಣೆದುರೇ ಕಹಕಶಾ ಎಡಗೈಯಿಂದ ಮಾನಪ್ಪನ ತಲೆಗೆ ಪಟ್ಟಿ ಸುತ್ತಿದರು. ಪಟ್ಟಿಯ ಇನ್ನೊಂದು ತುದಿಯನ್ನು ಜೋಗಮ್ಮ ಹಿಡಿದಿದ್ದಳು.

ಭೀಮೇಶ ಉಳಿದ. ಮಾನಪ್ಪನ ಕಣ್ಣು ಉಳಿಯಲಿಲ್ಲ. ಸಿಂಧನೂರಿನಲ್ಲಿ ಕಹಕಶಾರ ಕೈಗೆ ಪ್ಲಾಸ್ಟರ್ ಹಾಕಿದ ಹಳೆಯ ಗೆಳತಿ, "ವಾಪಸ್ ಬಂದುಬಿಡು" ಅಂದಳು.

"ಇಬ್ರದ್ದೂ ಹೊಲಿಗಿ ಬಿಚ್ಚೋದು ಬಾಕಿ ಅದ," ಎಂದರು ಇವರು.

ಕೋರ್ಟಿನಲ್ಲಿ ಅವರು ಕಂಡದ್ದನ್ನೆಲ್ಲ ಹೇಳಿದರು. ಕುಡಗೋಲಿನ ಗಾಯವನ್ನೂ ಬಿಡಲಿಲ್ಲ, ಕೊಡಲಿಯನ್ನೂ ಬಿಡಲಿಲ್ಲ. ಆ ವಾರವೇ ಯಾರೋ ದವಾಖಾನೆಯ ಕಿಟಕಿಗಳಿಗೆ ಕಲ್ಲು ತೂರಿದರು. ಎರಡೂ ಮನೆಯವರು ಬರುವುದನ್ನು ಬಿಟ್ಟರು. ಗಂಗಾಧರನ ತಾಯಿ ಅಯ್ಯಮ್ಮ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು, ಮುಖ ನೋಡದೆ, ಬಿಪಿ ನೋಡಲು ತೋಳು ಚಾಚುತ್ತಾಳೆ.