ಎಡಗೈಯಲ್ಲಿ ಬಡಿಸಿದ ಸಾರು

ನನ್ನ ಎರಡು ಕೈಗಳಲ್ಲಿ ಜಾಣತನವೆಲ್ಲ ಹೋಗಿ ಸೇರಿಕೊಂಡಿದ್ದು ಎಡಗೈಗೆ. ಬಲಗೈಯೂ ಒಳ್ಳೆಯದೇ, ಹೇಳಿದ ಮಾತು ಕೇಳುತ್ತದೆ, ಆದರೆ ಕೊಂಚ ಮಂದ. ಎಡಗೈ ಹಾಗಲ್ಲ, ಕರೆಯುವ ಮೊದಲೇ ಮುಂದೆ ಬಂದು ನಿಂತಿರುತ್ತದೆ. ಸೂಜಿಗೆ ದಾರ ಪೋಣಿಸುವುದಕ್ಕೆ, ಹಪ್ಪಳ ಲಟ್ಟಿಸುವುದಕ್ಕೆ, ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ಎಲ್ಲದಕ್ಕೂ ಅದೇ. ಈಗಲೂ ದೇವಸ್ಥಾನದಲ್ಲಿ ತೀರ್ಥ ಕೊಡುವಾಗ ಅದು ತಾನೇ ಹೊರಡುತ್ತದೆ, ನಾನು ಅವಸರದಲ್ಲಿ ಅದನ್ನು ಸೆರಗಿನೊಳಗೆ ಎಳೆದುಕೊಂಡು ಬಲಗೈ ಒಡ್ಡುತ್ತೇನೆ. ಭಟ್ಟರು ನೋಡಿಯೂ ನೋಡದ ಹಾಗೆ ಇರುತ್ತಾರೆ. ನಮ್ಮಿಬ್ಬರ ನಡುವೆ ಇದು ವರ್ಷಗಳಿಂದ ನಡೆದು ಬಂದಿದೆ.

ಎಡ ಅಂದರೆ ನಮ್ಮ ಜನಕ್ಕೆ ಅದೇನು ಸಿಟ್ಟೋ ಕಾಣೆ. ಬೆಳಗಾಗೆದ್ದು ಕೆಲಸ ಕೆಟ್ಟರೆ ‘ಎಡಮಗ್ಗುಲಲ್ಲಿ ಎದ್ದೆಯಾ’ ಅನ್ನುತ್ತಾರೆ. ಹೊಸಿಲು ದಾಟುವ ಮದುಮಗಳು ಎಡಗಾಲು ಇಟ್ಟರೆ ಮನೆಯೇ ಬಿತ್ತು ಅನ್ನುವಂತೆ ಹೌಹಾರುತ್ತಾರೆ. ಅದೇ ಜನ ಅದೇ ಮದುಮಗಳನ್ನು ಗಂಡನ ಎಡಕ್ಕೆ ಕೂರಿಸುತ್ತಾರೆ. ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೆಯದಂತೆ. ಶಿವ ತನ್ನ ಮೈಯಲ್ಲಿ ಅರ್ಧವನ್ನು ಪಾರ್ವತಿಗೆ ಬಿಟ್ಟುಕೊಟ್ಟಾಗ ಬಿಟ್ಟುಕೊಟ್ಟಿದ್ದು ಎಡಭಾಗವನ್ನೇ. ನಮ್ಮೆಲ್ಲರ ಗುಂಡಿಗೆ ಹೊಡೆದುಕೊಳ್ಳುವುದೂ ಆ ಕಡೆಗೇ. ಇಷ್ಟೆಲ್ಲಕ್ಕೂ ಬೇಕು, ಊಟದ ಎಲೆಯ ಮುಂದೆ ಮಾತ್ರ ದೂರ ಇರು ಅಂದರೆ ಯಾವ ನ್ಯಾಯ? ಹೀಗೆಲ್ಲ ವಾದ ಮಾಡಲು ಈಗ ಬರುತ್ತದೆ. ಬೇಕಾಗಿದ್ದ ಕಾಲದಲ್ಲಿ ಬಾಯಿಯೇ ಬರುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಶಿಕಾರಿಪುರದಲ್ಲಿ. ನನ್ನ ಅಜ್ಜಿ ಊಟಕ್ಕೆ ಕೂರಿಸುವಾಗ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದಳು. ನೋವಾಗದಂತೆ ಕಟ್ಟುತ್ತಿದ್ದಳು, ಗಂಟು ಹಾಕುವಾಗ ‘ಬಿಗಿ ಆತೇನವ್ವಾ?’ ಎಂದು ಕೇಳುತ್ತಿದ್ದಳು. ಶಾಲೆಯ ಮೇಷ್ಟರಿಗೆ ಅಷ್ಟು ಪುರುಸೊತ್ತು ಇರಲಿಲ್ಲ, ಅವರು ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಕೊಡುತ್ತಿದ್ದರು. ಅಕ್ಷರ ಬಲಗೈಗೆ ಬಂತು. ಜೊತೆಗೆ ಇನ್ನೊಂದು ವಿದ್ಯೆಯೂ ಬಂತು, ಯಾರೂ ಬೈಯದಿದ್ದರೂ ನನ್ನನ್ನು ನಾನೇ ಬೈದುಕೊಳ್ಳುವುದು. ಎಡಚಿಗೆ ನಮ್ಮ ಕಡೆ ರೊಡ್ಡಿ ಅನ್ನುತ್ತಾರೆ, ಓಣಿಯ ಹುಡುಗಿಯರು ಹಾಗೆ ಕರೆದರೆ ಅಳು ಬರುತ್ತಿತ್ತು. ಅವರು ಕರೆಯುವುದನ್ನು ಬಿಟ್ಟ ಮೇಲೆ ನಾನೇ ಒಳಗೊಳಗೆ ಕರೆದುಕೊಳ್ಳುತ್ತಿದ್ದೆ. ಅವರಿಗಾದರೋ ಸಂಜೆ ಮನೆಗೆ ಹೋಗುವ ಹೊತ್ತು ಅಂತ ಇತ್ತು, ನನಗೆ ಅದೂ ಇರಲಿಲ್ಲ.

ನಯಾಪೈಸೆ ಹೊಸದಾಗಿ ಬಂದು ಅಂಗಡಿಯವರೂ ಗಿರಾಕಿಗಳೂ ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತಿದ್ದ ಕಾಲದಲ್ಲಿ ಸೊರಬದಿಂದ ನನ್ನನ್ನು ನೋಡಲು ಬಂದರು. ಹುಡುಗ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಅಮ್ಮ ಹಿಂದಿನ ದಿನವೇ ತಾಕೀತು ಮಾಡಿದ್ದಳು. ‘ನೋಡು, ಅವರು ಹೋಗೋತನಕ ಆ ಕೈಗೆ ಕೆಲಸಿಲ್ಲ. ಮಡಿಲಾಗ ಇಟ್ಕೊಂಡು ಕುಂದ್ರು. ಮದುವಿ ಆದಮ್ಯಾಲೆ ಎಲ್ಲಾ ಸರಿ ಹೋಗ್ತದ.’ ನಾನು ಉಪ್ಪಿಟ್ಟಿನ ತಟ್ಟೆಯನ್ನು ಬಲಗೈಯಲ್ಲಿ ಕೊಟ್ಟೆ, ಕಾಫಿಯನ್ನು ಬಲಗೈಯಲ್ಲಿ ಕೊಟ್ಟೆ. ಎಡಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿತ್ತು. ಅವರು ಒಪ್ಪಿದರು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಅವರು ಒಪ್ಪಿದ್ದು ಇನ್ಯಾರನ್ನೋ, ಅವಳ ಸೀರೆ ಉಟ್ಟು ಹೊರಟವಳು ನಾನು ಅನ್ನಿಸಿತು. ಮದುವೆಯಾಗಿ ಸೊರಬಕ್ಕೆ ಹೊರಟ ದಿನ ಬಸ್ಸು ಶಿರಾಳಕೊಪ್ಪ ದಾಟುವ ತನಕ ಅಳುತ್ತಲೇ ಇದ್ದೆ. ತವರು ಬಿಟ್ಟ ದುಃಖ ಎಂದು ಪಕ್ಕದ ಸೀಟಿನವರು ಸಮಾಧಾನ ಹೇಳಿದರು.

ಸೊರಬದ ಮನೆಯಲ್ಲಿ ಇದ್ದವರು ಅತ್ತೆ ಗಂಗಮ್ಮ, ಮಾವ, ನನ್ನ ಗಂಡ, ನಾದಿನಿ ಶಾರದೆ. ಕೆಟ್ಟ ಜನ ಒಬ್ಬರೂ ಇಲ್ಲ. ಅದೇ ನನಗೆ ಕಷ್ಟವಾಯಿತು. ಬೈಯುವ ಅತ್ತೆಯಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು, ಮುಚ್ಚಿಟ್ಟಿದ್ದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಎಲ್ಲ ಕೆಲಸವನ್ನೂ ಬಲಗೈಯಲ್ಲೇ ಮಾಡುತ್ತಿದ್ದೆನಾದ್ದರಿಂದ ‘ಶಿಕಾರಿಪುರದ ಹುಡುಗಿ ಸ್ವಲ್ಪ ನಿಧಾನ’ ಎಂದು ಹೆಸರು ಬಂತು. ನಿಧಾನದವಳು ಅನ್ನಿಸಿಕೊಳ್ಳುವುದು ಎಡಚಿ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ನಾನೂ ಸುಮ್ಮನಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆಯಲ್ಲ, ನಾನು ಕುಂಬಳಕಾಯಿಯನ್ನು ಕದ್ದವಳೇ ಅಲ್ಲ, ಯಾರೂ ಕಳ್ಳಿ ಅಂದೂ ಇರಲಿಲ್ಲ. ಆದರೂ ದಿನಬೆಳಗಾದರೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಒಂದು ಭಾನುವಾರ ನನ್ನ ಗಂಡ ನನ್ನನ್ನು ಬಂದಳಿಕೆಯ ಪಾಳು ಗುಡಿಗಳಿಗೆ ಕರೆದುಕೊಂಡು ಹೋದರು. ಅವರಿಗೆ ಹಳೆಯ ಕಲ್ಲು ಕಂಡರೆ ಊಟ ಬೇಡ. ಶಾಸನದ ಮೇಲಿನ ಪಾಚಿಯನ್ನು ಪಂಚೆಯ ಚುಂಗಿನಿಂದ ಒರೆಸುತ್ತ ಯಾವ ರಾಜ ಯಾರಿಗೆ ಎಷ್ಟು ಗದ್ದೆ ಬಿಟ್ಟ ಎಂದು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತ ಪಕ್ಕದಲ್ಲಿದ್ದ ಒಂದು ಹೆಣ್ಣುಮೂರ್ತಿಯನ್ನು ನೋಡುತ್ತಿದ್ದೆ. ಅದರ ಬಲಗೈ ಭುಜದಿಂದಲೇ ಮುರಿದು ಹೋಗಿತ್ತು, ಉಳಿದದ್ದು ಎಡಗೈ ಒಂದೇ, ಅದರಲ್ಲಿ ಒಂದು ಹಣ್ಣು. ಯಾರೋ ದನ ಕಾಯುವವರು ಆ ಕೈಯ ಮೇಲೆ ಕಾಡುಹೂವು ಇಟ್ಟು ಹೋಗಿದ್ದರು. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು. ಬಲಗೈಯಲ್ಲಿ ಹಿಡಿ ಎಂದು ಇನ್ನು ಅವಳಿಗೆ ಯಾರೂ ಹೇಳುವಂತಿಲ್ಲ. ಗಂಡನಿಗೆ ಈಗಲೇ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅವರು ‘ಇಲ್ಲಿ ನೋಡು, ಈ ಸಾಲು ಎಷ್ಟು ಸ್ಪಷ್ಟವಾಗಿದೆ’ ಅಂದರು. ಬಾಯಿ ಮುಚ್ಚಿಕೊಂಡು ಸಾಲು ನೋಡಿದೆ.

ಆ ವರ್ಷ ಮಾಘದಲ್ಲಿ ಶಾರದೆಯ ನಿಶ್ಚಿತಾರ್ಥ ಗೊತ್ತಾಯಿತು. ಗಂಡಿನವರು ಕುಬಟೂರಿನ ಕಡೆಯವರು. ಹುಡುಗ ಚೆಂದ, ಮನೆತನವೂ ಚೆಂದ. ಆದರೆ ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜನ ಮಾತು, ಮತ್ತು ಅಜ್ಜ ಬಲು ಮಡಿವಂತ ಎಂದು ಸುದ್ದಿ. ಹಿಂದೊಮ್ಮೆ ಯಾರದೋ ಮನೆಯಲ್ಲಿ ಎಲೆಯ ತುದಿ ತಿರುಗಾಮುರುಗಾ ಹಾಕಿದರು ಎಂದು ಊಟ ಬಿಟ್ಟು ಎದ್ದು ಹೋಗಿದ್ದರಂತೆ. ಸಂಬಂಧವೂ ಅವರ ಹಿಂದೆಯೇ ಎದ್ದು ಹೋಯಿತಂತೆ. ಶಾರದೆಗೆ ಹಿಂದೆ ಎರಡು ಕಡೆ ಕೂಡಿಬಂದು ತಪ್ಪಿತ್ತು. ಈ ಸಲವೂ ತಪ್ಪಿದರೆ ಎಂದು ಅವಳು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ರಾಹುಕಾಲ ಕಳೆಯಲಿ ಎಂದು ಊಟ ಮೊದಲು, ತಾಂಬೂಲ ಬದಲಾಯಿಸುವುದು ಆಮೇಲೆ ಅಂತ ಮಾತಾಗಿತ್ತು.

ಗಂಡಸರ ಪಂಕ್ತಿ ಕೂತಿತು. ಮೊದಲ ಎಲೆ ಅಜ್ಜನದು. ಅತ್ತೆ ಅನ್ನ ಬಡಿಸುತ್ತ ಮುಂದೆ ಹೋದರು, ಸಾರು ನನ್ನ ಪಾಲಿಗೆ ಬಂತು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸೌಟು, ಎಲ್ಲರೂ ಹಿಡಿಯುವ ಹಾಗೆಯೇ ಹಿಡಿದಿದ್ದೆ. ಚೆಲ್ಲಬಾರದು, ಚೆಲ್ಲಬಾರದು ಎಂದು ಜಪ ಮಾಡುತ್ತ ಬಗ್ಗಿದೆ. ಹಾಗೆ ಜಪ ಮಾಡುವ ಕೈ ಯಾವತ್ತು ನೆಟ್ಟಗಿದ್ದೀತು? ಸೌಟು ಓರೆಯಾಯಿತು. ಕುದಿಯುವ ಸಾರು ಅಜ್ಜನ ತೊಡೆಯ ಮೇಲೆ, ಹೊಸ ಶಲ್ಯದ ಮೇಲೆ.

ಅಜ್ಜ ‘ಹಾ’ ಎಂದು ಅರ್ಧ ಎದ್ದರು. ಪಂಕ್ತಿಯಲ್ಲಿ ಒಬ್ಬರ ಕೈಯೂ ಅಲ್ಲಾಡಲಿಲ್ಲ. ಪೂರ್ತಿ ಎದ್ದರೆ ಮುಗಿಯಿತು, ಅವರೊಂದಿಗೆ ಎಲ್ಲರೂ ಏಳಬೇಕು. ಮಾವ ನೆಲ ನೋಡುತ್ತಿದ್ದರು. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಶಾರದೆಯ ಮುಖ ಕಂಡಿತು, ಆ ಮುಖವನ್ನು ನಾನು ಈಗಲೂ ನೆನೆಸಿಕೊಳ್ಳಲಾರೆ. ಪಾತ್ರೆಯನ್ನು ಅಲ್ಲೇ ಕುಕ್ಕಿ ಹಿತ್ತಲಿಗೆ ಓಡಿದೆ.

ಬಾವಿಕಟ್ಟೆಯ ಹತ್ತಿರ ನಿಂತು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಚೆಲ್ಲಿದ್ದು ಸಾರು ಅಷ್ಟೇ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ನಾನೇ ಅಪಶಕುನ, ಮೋಸ ಮಾಡಿ ಈ ಮನೆ ಹೊಕ್ಕವಳು, ಒಂದು ಹುಡುಗಿಯ ಬಾಳು ಕೆಡಿಸಿದವಳು. ನಾಚಿಕೆಯ ಕೋರ್ಟಿನಲ್ಲಿ ವಕೀಲರಿಗೆ ಜಾಗ ಇಲ್ಲ. ಒಂದು ಸೌಟು ಸಾರಿಗೆ ಇಡೀ ಜನ್ಮಕ್ಕೇ ಶಿಕ್ಷೆ. ತವರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅತ್ತೆ ಬಂದರು.

‘ಎಂತ ಮಾಡ್ತಿದೀಯೇ ಇಲ್ಲಿ? ಅಲ್ಲಿ ಮಜ್ಜಿಗೆಹುಳಿ ಆರ್ತಾ ಇದೆ.’

‘ಅತ್ತೆ, ನಾನು ಎಡಚಿ’ ಅಂದೆ. ಮೊದಲ ಸಲ ನನ್ನ ಬಾಯಿಂದ ಆ ಮಾತು ಹೊರಗೆ ಬಂದಿತ್ತು. ಭೂಮಿ ಬಾಯಿ ಬಿಡಬಹುದು ಎಂದುಕೊಂಡಿದ್ದೆ, ಬಿಡಲಿಲ್ಲ.

‘ಗೊತ್ತು ಮಾರಾಯ್ತಿ. ನೀನು ಬಂದ ಹೊಸತರಲ್ಲೇ ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೆ ಸೌದೆ ಎಸೆದೆಯಲ್ಲ, ಯಾವ ಕೈಲಿ ಎಸೆದೆ? ಆ ಬೆಕ್ಕು ಮತ್ತೆ ಈ ಕಡೆ ತಲೆ ಹಾಕಿಲ್ಲ. ನೀನಾಗೇ ಹೇಳ್ತೀಯ ಅಂತ ಸುಮ್ನಿದ್ದೆ. ನಾನೇ ಕೇಳ್ಬೇಕಿತ್ತು, ಅದು ನನ್ನ ತಪ್ಪು.’

ನಾನು ಅಳುತ್ತ ಏನೇನೋ ಹೇಳಿದೆ. ಅತ್ತೆ ಕೊಡಪಾನದಿಂದ ನೀರು ಬಗ್ಗಿಸಿ ನನ್ನ ಮುಖ ತಾವೇ ತೊಳೆದರು. ಸೆರಗಿನಲ್ಲಿ ಒರೆಸುತ್ತ ಅಂದರು, ‘ಸಾರು ಚೆಲ್ಲಿದ್ದು ತಪ್ಪು. ಹೋಗಿ ತಪ್ಪಾಯ್ತು ಅನ್ನು, ಹೊಟ್ಟೆಗೆ ಹಾಕ್ಕೊಳ್ಳಿ ಅನ್ನು. ಅಲ್ಲಿಗೆ ಅದು ಮುಗೀತು. ಕೈ ಎಡದ್ದಾಗಿರೋದು ತಪ್ಪಲ್ಲ. ಅದಕ್ಕೆ ಯಾರ ಹತ್ರ ಹೋಗಿ ಏನು ಅಂತೀಯ? ಮಾಡಿದ್ದನ್ನೂ ಇರೋದನ್ನೂ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊತ್ಕೊಂಡ್ರೆ ಕುತ್ತಿಗೆ ಉಳಿಯುತ್ತನೇ?’

ಆಮೇಲೆ ದೊಡ್ಡ ದೊಡ್ಡವರ ಪ್ರವಚನ ಕೇಳಿದ್ದೇನೆ, ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿದ್ದು ನೆನಪಿಲ್ಲ. ಅತ್ತೆ ಇದನ್ನು ಹೇಳಿದ್ದು ಮಜ್ಜಿಗೆಹುಳಿ ಆರಿಹೋಗುತ್ತದೆ ಅನ್ನುವ ಅವಸರದಲ್ಲಿ.

ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಜ್ಜ ಇನ್ನೂ ಎಲೆಯ ಮುಂದೆ ಇದ್ದರು, ಯಾರೋ ತಣ್ಣೀರಿನ ಬಟ್ಟೆ ಕೊಟ್ಟಿದ್ದರು. ಮುಖ ಮಾತ್ರ ಬಿಗಿದುಕೊಂಡಿತ್ತು. ನಾನು ‘ತಪ್ಪಾಯ್ತು, ಹೊಟ್ಟೆಗೆ ಹಾಕಿಕೊಳ್ಳಿ’ ಅಂದೆ. ಅಷ್ಟಕ್ಕೆ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ, ಅತ್ತೆ ನಿಲ್ಲಿಸಲಿಲ್ಲ. ಗಂಡಸರೆಲ್ಲ ಕೇಳುವ ಹಾಗೆ ಹೇಳಿದರು, ‘ನಮ್ಮ ಸೊಸೆ ಎಡಗೈಯವಳು ಕಣ್ರೀ. ಬಲಗೈಲಿ ಬಡಿಸಿದ್ರೆ ನಿಮ್ಮ ಮೈಮೇಲೆ, ಎಡಗೈಲಿ ಬಡಿಸಿದ್ರೆ ನಿಮ್ಮ ಎಲೆ ಮೇಲೆ. ಹೇಗೆ ಬಡಿಸ್ಲಿ, ನೀವೇ ಹೇಳಿ.’

ಮಾವ ಕಣ್ಣು ಮುಚ್ಚಿಕೊಂಡರು. ನನ್ನ ಗಂಡ ನನ್ನನ್ನು ನೋಡಿದರು, ಶಾಸನದಲ್ಲಿ ತಾವು ಓದದೆ ಬಿಟ್ಟ ಸಾಲು ಸಿಕ್ಕಿದ ಹಾಗೆ. ಅಜ್ಜ ತಮ್ಮ ತೊಡೆ ನೋಡಿಕೊಂಡರು, ಎಲೆ ನೋಡಿದರು, ನನ್ನ ಕೈ ನೋಡಿದರು. 

‘ಎಲೆ ಮೇಲೇ ಬಡಿಸ್ಲಿ ತಾಯಿ’ ಅಂದರು ಕೊನೆಗೆ. ‘ಮೈಮೇಲಿಂದು ಒಂದ್ಸಲ ಆಯ್ತಲ್ಲ.’

ಪಂಕ್ತಿಯ ತುದಿಯಲ್ಲಿ ಯಾರೋ ಕಿಸಕ್ಕೆಂದರು, ನಗು ಎಲೆಯಿಂದ ಎಲೆಗೆ ದಾಟಿತು. ನಾನು ಪಾತ್ರೆಯನ್ನು ಬಲಗೈಗೆ ಕೊಟ್ಟು ಸೌಟನ್ನು ಎಡಗೈಗೆ ಕೊಟ್ಟೆ. ಒಂದು ತೊಟ್ಟು ಆಚೀಚೆ ಆಗಲಿಲ್ಲ. ಅಜ್ಜನ ಅನ್ನದ ನಡುವಿನ ಗುಳಿಯಲ್ಲಿ ಸಾರು ಅಳತೆಯಾಗಿ ನಿಂತಿತು. ನನ್ನ ಮೈಯ ಒಂದು ಭಾಗ ಅಷ್ಟು ವರ್ಷ ಮೂಲೆಯಲ್ಲಿ ಕೂತಿದ್ದು ಎದ್ದು ಬಂದಂತೆ ಆಯಿತು.

ಎಲ್ಲರೂ ಒಪ್ಪಿದರು ಅಂದರೆ ಸುಳ್ಳಾಗುತ್ತದೆ. ಹೆಂಗಸರ ಪಂಕ್ತಿಯಲ್ಲಿ ಹುಡುಗನ ಸೋದರತ್ತೆ ನಾನು ಹತ್ತಿರ ಬಂದ ಕೂಡಲೇ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ‘ನಂಗೆ ಸಾರು ಸೇರಲ್ಲ’ ಅಂದರು. ಆಮೇಲೆ ಅತ್ತೆ ಬಡಿಸಿದಾಗ ಎರಡು ಸಲ ಹಾಕಿಸಿಕೊಂಡು ಸುರಿದು ಉಂಡರು. ನೋವಾಯಿತು, ಯಾಕೆ ಆಗಬಾರದು? ಆದರೆ ಬೆಳಿಗ್ಗೆ ಆಗಿದ್ದರೆ ಆ ಅಂಗೈ ನನ್ನ ಬಾಳಿಗೇ ಅಡ್ಡ ಬಂದಂತೆ ಆಗುತ್ತಿತ್ತು. ಈಗ ಅದು ಆಕೆಯ ಎಲೆಗೆ ಮಾತ್ರ ಅಡ್ಡ ಬಂದಿತ್ತು. ಮುಂದಿನ ಎಲೆಗೆ ಹೋದೆ. ಹೀಗೆ ಮುಂದಿನ ಎಲೆಗೆ ಹೋಗುವುದನ್ನು ಆಮೇಲೂ ಬಹಳ ಸಲ ಮಾಡಬೇಕಾಗಿ ಬಂದಿದೆ, ದಿನಗಳು ಕಳೆದ ಹಾಗೆ ಅಭ್ಯಾಸವಾಗಿದೆ. ತೀರ್ಥದ ಮುಂದೆ ಮಾತ್ರ ಹಳೆಯ ಹೆದರಿಕೆ ಇನ್ನೂ ಉಳಿದಿದೆ. ಉಳಿದರೆ ಉಳಿಯಲಿ ಎಂದು ಅದನ್ನೂ ಈಚೆಗೆ ಬೈಯುವುದು ಬಿಟ್ಟಿದ್ದೇನೆ.

ತಾಂಬೂಲ ಬದಲಾಯಿತು. ಶಾರದೆ ನಗುತ್ತ ಎರಡು ಹೋಳಿಗೆ ಉಂಡಳು. ಇಳಿಹೊತ್ತಿಗೆ ಗಂಡಿನವರ ಬಂಡಿಗಳು ಹೊರಟವು. ಅತ್ತೆ ಜಗಲಿಯ ಮೇಲೆ ಕಾಲು ನೀಡಿ ಎಲೆಯಡಿಕೆ ತಟ್ಟೆ ಎಳೆದುಕೊಂಡರು. ನನಗೆ ಮನಸ್ಸು ತಡೆಯಲಿಲ್ಲ.

‘ಅತ್ತೆ, ಅವರು ಎದ್ದು ಹೋಗಿದ್ರೆ? ನನ್ನ ಕೈ ಸಲುವಾಗಿ ಶಾರದೆ ಮದುವೆ ತಪ್ಪಿ ಹೋಗ್ತಿತ್ತಲ್ಲ?’

‘ನಿನ್ನೊಬ್ಬಳಿಗಾಗಿ ಅವರನ್ನ ಹಾಗೆ ಕೇಳ್ದೆ ಅಂದ್ಕೊಂಡೆಯಾ?’ ಅಂದರು ಅತ್ತೆ. ‘ಶಾರದೆಯೂ ಮನುಷ್ಯಳೇ ಅಲ್ದನೇ? ಇವತ್ತಲ್ಲ ನಾಳೆ ಆ ಮನೇಲಿ ಅವಳ ಕೈಯಿಂದಲೂ ಏನಾದ್ರೂ ಚೆಲ್ಲುತ್ತೆ. ಆವಾಗ ಅವರು ಎದ್ದು ಹೋಗೋ ಜನವೋ ಕೂತು ಉಣ್ಣೋ ಜನವೋ ಅಂತ ನಂಗೆ ಇವತ್ತೇ ಗೊತ್ತಾಗ್ಬೇಕಿತ್ತು.’

ಗಂಡಿನವರು ಹೆಣ್ಣು ಒಪ್ಪಿಕೊಂಡು ಬಂದೆವು ಎಂದುಕೊಂಡೇ ಊರು ಸೇರಿರಬೇಕು. ಅವರನ್ನು ಒಪ್ಪಿದವರು ನಮ್ಮತ್ತೆ ಎಂದು ಅವರಿಗೆ ಯಾರು ಹೇಳಬೇಕು?

ನಾನು ಪಕ್ಕದಲ್ಲಿ ಕೂತು ಒಂದು ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಅತ್ತೆಗೆ ಕೊಟ್ಟೆ. ಅವರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಯಾವ ಕೈಯಲ್ಲಿ ಕೊಟ್ಟೆ ಎಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.