ಒನ್ ಬೈ ಟೂ ಗೋಬಿ

ನಮ್ಮ ಬಡಾವಣೆಯ ಸಂಜೆಗೆ ವಾಸನೆಯೇ ಇಲ್ಲ. ಗುಬ್ಬಿ ರಸ್ತೆಯ ಕಡೆ ಸ್ವಂತ ಮನೆ ಕಟ್ಟಿಸಿ ಬಂದಂದಿನಿಂದ ನನ್ನ ಮೂಗಿಗೆ ಸ್ವಯಂನಿವೃತ್ತಿ ಸಿಕ್ಕಿದೆ ಎನ್ನಿ. ಇಲ್ಲಿ ಯಾರೂ ತಿನ್ನುವುದಿಲ್ಲವೆಂದಲ್ಲ. ಪಿಜ್ಜಾ ಬರ್ಗರುಗಳು ಡಬ್ಬಿಯೊಳಗೆ ಮುಸುಕು ಹಾಕಿಕೊಂಡು, ಬೈಕಿನಲ್ಲಿ ಬಂದು, ಗೇಟು ದಾಟಿ ಅಂತರ್ಧಾನವಾಗುತ್ತವೆ. ಬೆಳಿಗ್ಗೆ ಅದೇ ಮನೆಯವರು ಪಾರ್ಕಿನಲ್ಲಿ ಕೈ ಬೀಸಿ ನಡೆಯುತ್ತಾ ಸಿರಿಧಾನ್ಯ ಮಾಹಾತ್ಮ್ಯವನ್ನು ಉಪದೇಶಿಸುತ್ತಾರೆ. ಗೂಳೂರಿನಲ್ಲಿ ಹುಟ್ಟಿ, ಮುದ್ದೆ ನುಂಗಿಯೇ ಬೆಳೆದ ನಾನೂ ರಾಗಿಯ ಹೆಸರನ್ನು ಮೊದಲ ಬಾರಿ ಕೇಳಿದವನಂತೆ ತಲೆಯಾಡಿಸುತ್ತೇನೆ.

ಹಳೆಯ ಬಾಡಿಗೆ ಮನೆ ಕುಣಿಗಲ್ ರಸ್ತೆಯ ಕಡೆಯ ಒಂದು ಗಲ್ಲಿಯಲ್ಲಿತ್ತು. ಅಲ್ಲಿ ಸಂಬಳ ಸಣ್ಣದು, ಅಡುಗೆಮನೆ ಇನ್ನೂ ಸಣ್ಣದು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಸ್ಸಿಳಿದ ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚುವ ಮುಂಚೆ ಹತ್ತು ನಿಮಿಷ ತಮ್ಮ ಪಾಡಿಗೆ ತಾವು ನಿಲ್ಲುತ್ತಿದ್ದ ಜಾಗವೆಂದರೆ ಮೂಲೆಯ ಗೋಬಿ ಗಾಡಿ. ಇದನ್ನು ಅನಾರೋಗ್ಯಕರ ಆಹಾರಪದ್ಧತಿ ಎನ್ನುವ ಪಂಡಿತರು ಆ ಹತ್ತು ನಿಮಿಷ ಅಲ್ಲಿ ನಿಂತವರಲ್ಲ ಬಿಡಿ. ಪಕ್ಕದ ಮನೆಯ ಜಯಮ್ಮ ನನ್ನನ್ನು ಕಂಡೊಡನೆ, "ಅಣ್ಣಾ, ಒನ್ ಬೈ ಟೂ ಹೇಳ್ಲಾ?" ಎಂದು ಕೂಗುತ್ತಿದ್ದಳು. ಒಂದು ಪ್ಲೇಟು ಎರಡಾಗುತ್ತಿತ್ತು. ಹೆಚ್ಚಿನ ಪಾಲನ್ನು ನನ್ನ ಕಡೆಗೇ ತಳ್ಳಿ, "ತಿನ್ನು ಬುಡಣ್ಣ, ಹೊಟ್ಟೆ ನಿಂದೇ ದೊಡ್ದು" ಎನ್ನುತ್ತಿದ್ದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಗೋಬಿಗಿಂತ ಆ ಕೂಗು ಬೇಕಿತ್ತು. ಫೋನಿನಲ್ಲೇ ಗೋಬಿ ತರಿಸಿ ನೋಡಿದೆ. ಅದರಲ್ಲಿ ಚೀಸ್ ಹೆಚ್ಚಿಸಬಹುದು, ಖಾರ ತಗ್ಗಿಸಬಹುದು, ಒನ್ ಬೈ ಟೂ ಮಾತ್ರ ಹೇಳಲಾಗದು. ಕಳೆದ ವಾರ ಸುಮ್ಮನಿರಲಾರದೆ ಕಾರು ತೆಗೆದುಕೊಂಡು ಹೊರಟೇಬಿಟ್ಟೆ.

ಜಯಮ್ಮ ಗಾಡಿಯ ಮುಂದೆಯೇ ಇದ್ದಳು, ಕೆಲಸದ ಗೆಳತಿಯೊಬ್ಬಳ ಜೊತೆ. ನಾನು ಕಾರಿಳಿದದ್ದನ್ನು ಕಂಡು ಪಕ್ಕಕ್ಕೆ ಸರಿದಳು. ಸೆರಗಿನಿಂದ ಸ್ಟೂಲು ಒರೆಸಿದಳು.

"ಅಯ್ಯೋ, ನೀವೆಲ್ಲಾ ಇನ್ನೂ ಇಂಥವು ತಿಂತೀರಾ? ಡಾಕ್ಟ್ರು ಬೈಯಲ್ವಾ?"

"ಜಯಮ್ಮ, ಒನ್ ಬೈ ಟೂ ಹೇಳ್ಲಾ?" ಎಂದೆ. ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದ ಮಾತು!

"ಬ್ಯಾಡ ಬುಡಿ ಸಾರ್, ನೀವ್ ತಿನ್ನಿ," ಎಂದು ನಕ್ಕಳು. ಗಾಡಿಯವನ ಕಡೆ ತಿರುಗಿ, "ಸಾರ್‌ಗೆ ಒಂದ್ ಫುಲ್ ಪ್ಲೇಟ್ ಕೊಡಪ್ಪ, ಬಿಸಿಬಿಸಿದು ಹಾಕು," ಎಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ, ಬರೀ ಮರ್ಯಾದೆ. ಕೊಂಕಿದ್ದರೆ ಜಗಳವಾದರೂ ಆಡಬಹುದಿತ್ತು.

ಇಡೀ ಪ್ಲೇಟು ಹಿಡಿದು ಸ್ಟೂಲಿನ ಮೇಲೆ ನಾನೊಬ್ಬನೇ ಕೂತೆ. ಅವರಿಬ್ಬರೂ ನಿಂತೇ ಒಂದು ಪ್ಲೇಟು ಮುಗಿಸಿ ಕೈ ತೊಳೆದರು. ‘ಹಳೇ ಥರಾನೇ ಅಣ್ಣಾ ಅಂತ ಕರಿ ಜಯಮ್ಮ’ ಎಂದು ಕೇಳಿಯೇಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚೀಲ ಹೆಗಲಿಗೇರಿಸಿ, "ಬರ್ತೀನಿ ಸಾರ್," ಎಂದು ಹೊರಟಳು.